ಮುದ್ದೆಮಾಲು ಕೋಣೆಯ ಕರಡಿಗೆ

ಕಾಲ ಕೆಟ್ಟಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ನಮ್ಮ ಕೋರ್ಟುಗಳನ್ನು ಕೆಡಿಸಿದ್ದು ಕಾಲವಲ್ಲ, ಧೂಳು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಜಿಲ್ಲಾ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದೆ. ತಾಲೂಕು ಕೋರ್ಟುಗಳ ಕೆಲಸ ಹೇಗೆ ಸಾಗಿದೆ ಎಂದು ನೋಡಿ ಬರುವುದು, ಹಳೆಯದನ್ನು ಕಳೆದು ಹೊಸದಕ್ಕೆ ಜಾಗ ಮಾಡಿಸುವುದು ನನ್ನ ಪಾಲಿಗೆ ಬಂದಿತ್ತು. ಕಬ್ಬಿಣದ ರ‍್ಯಾಕು, ಟೈಪರೈಟರು, ನಂಬರಿನ ಚೀಟಿ ಇವುಗಳ ಮೇಲೆ ನನಗೆ ಬಹಳ ನಂಬಿಕೆ. ಕಬರಸ್ತಾನಕ್ಕೂ ನಂಬರು ಹಾಕಿಸುವವರು ನೀವು ಎಂದು ಮನೆಯಲ್ಲಿ ಹೆಂಡತಿ ದಖನಿಯಲ್ಲಿ ಚುಚ್ಚುತ್ತಿದ್ದಳು.

ಆ ಸಲ ಖಾನಾಪುರದ ಮುದ್ದೆಮಾಲು ಕೋಣೆ ಖಾಲಿ ಮಾಡಿಸಬೇಕಿತ್ತು. ಪೊಲೀಸರು ವಶಪಡಿಸಿಕೊಂಡ ವಸ್ತುಗಳು ತೀರ್ಪಾದ ಮೇಲೂ ಅಲ್ಲೇ ಬಿದ್ದಿರುತ್ತವೆ. ಕುಡಗೋಲು, ಚಕ್ರ ಬಾಗಿದ ಸೈಕಲ್ಲು, ರಕ್ತ ಒಣಗಿ ರಟ್ಟಿನಂತಾದ ಧೋತರ. ವಾರಸುದಾರರಿಲ್ಲದ ಬೆಳ್ಳಿ ಬಂಗಾರವನ್ನು ಲಿಲಾವಿನಲ್ಲಿ ಮಾರಬೇಕು, ಉಳಿದದ್ದನ್ನು ಸುಡಬೇಕು ಎಂದು ಆದೇಶವಾಗಿತ್ತು. ಬೆಳ್ಳಿಯ ಗಂಟಿನಲ್ಲಿ ಒಂದು ಕರಡಿಗೆ ಸಿಕ್ಕಿತು. ಲಿಂಗವಂತರು ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಸಂಪುಟ ಅದು. ಶಿವದಾರ ಇನ್ನೂ ಅದಕ್ಕೆ ಸುತ್ತಿಕೊಂಡೇ ಇತ್ತು.

"ಇದಕ್ಕ ಯಾರೂ ದಿಕ್ಕಿಲ್ಲೇನು?" ಎಂದು ಅಲ್ಲಿಯ ಗುಮಾಸ್ತನನ್ನು ಕೇಳಿದೆ.

"ಅದಾರ‍್ರೀ. ಹೊರಗ ಕಟ್ಟಿ ಮ್ಯಾಲ ಕುಂತಾರ. ಆದ್ರ ಕೋರ್ಟಿನ್ಯಾಗ ತಮ್ಮದಲ್ಲ ಅಂದಾರ."

ಕಟ್ಟೆಯ ಮೇಲಿದ್ದಾಕೆ ಪಾರಿಶ್ವಾಡದ ಮುದುಕಿ. ಆಕೆಯ ಮಗ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ರಜೆಗೆ ಊರಿಗೆ ಬರುವಾಗ ದಾರಿಯಲ್ಲಿ ಯಾರೋ ಹೊಡೆದು ಕೊಂದು, ಬೆಳ್ಳಿಯ ಆಸೆಗೆ ಕೊರಳಿನ ಕರಡಿಗೆ ಕಿತ್ತುಕೊಂಡಿದ್ದರು. ಪೊಲೀಸರು ಅದನ್ನು ಒಬ್ಬನ ಬಳಿ ಹಿಡಿದರು. ಸಾಕ್ಷಿ ಸಾಲದೆ ಬೆಳಗಾವಿಯ ಕೋರ್ಟು ಅವನನ್ನು ಬಿಟ್ಟಿತು. ಕರಡಿಗೆ ಯಾರದೆಂದು ಖಾನಾಪುರದ ಮುನ್ಸೀಫರೇ ವಿಚಾರಿಸಲಿ ಎಂದಿತು. ಮುನ್ಸೀಫರು ಮುದುಕಿಯನ್ನು ಕರೆಸಿ, ತೆರೆದು ನೋಡಿ ಹೇಳಿ, ಇದು ನಿಮ್ಮದೇನು ಎಂದು ಕೇಳಿದ್ದರು. ಆಕೆ ತೆರೆಯಲಿಲ್ಲ, ಮುಟ್ಟಲೂ ಇಲ್ಲ. "ನಂದಲ್ಲರೀ" ಎಂದುಬಿಟ್ಟಿದ್ದಳು. ಅಲ್ಲಿಗೆ ಅದು ವಾರಸುದಾರರಿಲ್ಲದ ಬೆಳ್ಳಿಯಾಯಿತು.

ನನಗೆ ಸಿಟ್ಟು ಬಂತು. ವರ್ಷಗಟ್ಟಲೆ ಕೋರ್ಟಿನ ಕಟ್ಟೆ ಕಾಯುವಾಕೆ, ಕೇಳಿದಾಗ ಹೂಂ ಅನ್ನಬಾರದೇ? ಹೊರಗೆ ಹೋಗಿ ಕೇಳಿಯೇ ಬಿಟ್ಟೆ.

"ಅವ್ವಾ, ಅದು ನಿಮ್ಮ ಮಗನದ್ದ ಅಲ್ಲೇನು? ಮತ್ತ ನಂದಲ್ಲ ಅಂತ ಯಾಕಂದ್ರಿ?"

"ನಂದ ಇಲ್ಲೈತ್ರೀ ಸಾಹೇಬ್ರ." ಸೆರಗಿನ ಮೇಲಿಂದಲೇ ಎದೆ ಮುಟ್ಟಿ ತೋರಿಸಿದಳು. "ಅದು ಅವಂದು. ಹುಟ್ಟಿದಾಗ ಅಯ್ಯನವರು ಕಟ್ಟಿದ್ದು. ಇನ್ನೊಬ್ಬರ ಲಿಂಗ ತಗದ ನೋಡಬಾರದ್ರಿ, ಹಡದ ತಾಯಾದ್ರೂ. ದೇವರ ಮ್ಯಾಲ ಆಣಿ ಮಾಡ್ಸಿ ಕೇಳಿದ್ರು. ಸುಳ್ಳ ಹ್ಯಾಂಗ ಹೇಳಲಿ?"

ಆಕೆಯೇ ಮುಂದುವರಿಸಿದಳು. "ಸತ್ತವರ ಎಡಗೈಯಾಗ ಅವರ ಲಿಂಗ ಇಟ್ಟ ಮಣ್ಣ ಮಾಡ್ತೀವ್ರಿ. ಅವಂದು ನಿಮ್ಮ ಕೋರ್ಟಿನ್ಯಾಗ ಇತ್ತು. ಅಯ್ಯನವರು ಬ್ಯಾರೆ ಲಿಂಗ ಕೊಟ್ರು. ನನ್ನ ಕೂಸಿನ್ನ ಪರರ ಮನ್ಯಾಗ ಬಿಟ್ಟಂಗಾತು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ನಮ್ಮಲ್ಲೂ ಮಣ್ಣೇ. ಹೆಣಕ್ಕೆ ಸುತ್ತುವ ಕಫನ್ ತುಸು ಗಿಡ್ಡವಾಯಿತೆಂದು ಮನೆಮಂದಿ ವರ್ಷಗಟ್ಟಲೆ ಕೊರಗಿದ್ದನ್ನು ಕಂಡವನು ನಾನು.

ಮುನ್ಸೀಫರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಒಳ್ಳೆಯವರೇ, ಆದರೆ ಕಾಯ್ದೆಯ ಗೆರೆ ದಾಟುವವರಲ್ಲ. ಒಳಗೆ ಹೋಗಿ ನಾನು ವಿಷಯ ತಿಳಿಸಿದಾಗ, ಒಮ್ಮೆ ದಾಖಲಾದ ಹೇಳಿಕೆಯನ್ನು ಬದಲಿಸುವುದು ಹೇಗೆ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಆಕಿ ಹೇಳಿದ್ದು ಖರೇನ ಐತ್ರಿ, ಅದು ಹಂಗ ಇರಲಿ. ನಿಮ್ಮದೇನು ಅಂತ ಕೇಳಬ್ಯಾಡ್ರಿ ಸರ್. ಯಾರದು ಅಂತ ಕೇಳ್ರಿ" ಎಂದೆ.

ಲಿಲಾವಿನ ದಿನ ಗೊತ್ತಾಗಿತ್ತು, ಬೆಳ್ಳಿ ಕೊಳ್ಳುವ ಸರಾಫನಿಗೂ ಹೇಳಿ ಕಳಿಸಿದ್ದಾಗಿತ್ತು. ಮುನ್ಸೀಫರು ಬಹಳ ಹೊತ್ತು ಯೋಚಿಸಿ, ಊಟದ ನಂತರ ಆಕೆಯನ್ನು ಮತ್ತೆ ಕರೆಸಿದರು.

ಮುಚ್ಚಿದ ಕರಡಿಗೆಯನ್ನು ಮುಂದಿಟ್ಟು ಇದು ಯಾರದು ಎಂದು ಕೇಳಿದಾಗ ಆಕೆ ತಟ್ಟನೆ ಮಗನ ಹೆಸರು ಹೇಳಿದಳು. ಗುರುತು ಹೇಗೆ ಎಂದರೆ, ದಾರ ತಾನೇ ಹೊಸೆದದ್ದು, ಎಳೆ ಸಾಲದೆ ತನ್ನ ಸೀರೆಯ ಅಂಚಿನ ಹಸಿರು ನೂಲು ಸೇರಿಸಿದ್ದೆ ಎಂದಳು. ಗುಮಾಸ್ತ ದಾರದ ಹುರಿ ಬಿಚ್ಚಿ ನೋಡಿದ. ಹೊರಗೆ ಮಾಸಿ ಕಪ್ಪಾಗಿದ್ದರೂ ಒಳಗಿನ ಹಸಿರು ಹಾಗೆಯೇ ಇತ್ತು. ಮುನ್ಸೀಫರು ಆಗಿಂದಾಗಲೇ ಆದೇಶ ಬರೆಸಿದರು.

ರಸೀದಿಗೆ ಎಡಗೈ ಹೆಬ್ಬೆಟ್ಟು ಒತ್ತಬೇಕಿತ್ತು. ಒತ್ತಿದಳು. ಆದರೆ ಶಾಯಿ ಮೆತ್ತಿದ ಕೈಯಲ್ಲಿ ತೆಗೆದುಕೊಳ್ಳಲು ಒಪ್ಪದೆ ಹೊರಗೆ ಹೋಗಿ ತೊಳೆದು ಬಂದಳು. ಪೂರ್ತಿ ಹೋಗಿಲ್ಲವೆಂದು ಮತ್ತೆ ಹೋದಳು. ಬಸ್ಸು ತಪ್ಪುತ್ತದೆ ಎಂದು ಗೊಣಗಿದ ಗುಮಾಸ್ತನನ್ನು ನಾನು ಗದರಿದೆ. ಕಡೆಗೆ ಅಂಗೈ ಮೇಲೆ ಸೆರಗು ಹಾಸಿ, ಅದರಲ್ಲಿ ಕರಡಿಗೆ ಇಡಿಸಿಕೊಂಡಳು.

ಬಸ್ ನಿಲ್ದಾಣದ ತನಕ ನಾನೂ ಜೊತೆಗೆ ನಡೆದೆ. ನಮ್ಮವರನ್ನು ನಾವು ಮಲಗಿಸಿ ಮಣ್ಣು ಕೊಡುತ್ತೇವೆ. ಅದೇ ಗುಂಗಿನಲ್ಲಿ, ತಡೆಯಲಾರದೆ ಕೇಳಿದೆ.

"ಅವ್ವಾ, ಮಣ್ಣ ಮಾಡಿ ಇಷ್ಟ ವರ್ಷ ಆತು. ಈಗ ಇದನ್ನ ಅವನ ಕೈಗೆ ಹ್ಯಾಂಗ ಮುಟ್ಟಸ್ತೀರಿ?"

"ನಮ್ಮ ಹೊಲದಾಗ ಅವನ್ನ ಕುಂದರ‍್ಸೀವ್ರಿ. ನಾ ಅಲ್ಲೇ ಬಾಜೂಕ ನಿಂತಿದ್ದೆ" ಎಂದಳು. "ಅವನ ಎಡಗೈ ಎಲ್ಲೈತಿ ನನಗ ಗೊತ್ತೈತಿ."