ಮೊದಲ ತುತ್ತು ಯಾರದು

ನನ್ನ ಕಾಕಾನ ಮಗ ಬಾಳೇಶ ಮದುವೆ ಮನೆಗೆ ಬಂದರೆ ಊಟದ ಹೊತ್ತಿಗೆ ಕಾಣುವುದಿಲ್ಲ. ಎಲ್ಲರೂ ಪಂಕ್ತಿಯಲ್ಲಿ ಕೂತಿರುವಾಗ ಇವನು ಬೇವಿನ ನೆರಳಿಗೆ ಹೋಗಿ, ವಸ್ತ್ರದ ಗಂಟು ಬಿಚ್ಚಿ, ಮನೆಯಿಂದ ತಂದ ರೊಟ್ಟಿ ತಿನ್ನುತ್ತಾನೆ. "ಯಾಕಪಾ ಬಾಳ್ಯಾ, ನಮ್ಮ ಶಿರಾದಾಗ ಇಲಿ ಪಾಷಾಣ ಹಾಕೀವೇನ?" ಎಂದು ನಮ್ಮ ಸತ್ತಿ ಊರಿನವರು ಕಾಡಿಸುತ್ತಾರೆ. ಅವನು ನಗುತ್ತಾನೆ. ನಗುತ್ತಲೇ ಬಡಿಸುವವರ ಕೈಯತ್ತ ಒಮ್ಮೆ ನೋಡಿಕೊಳ್ಳುತ್ತಾನೆ.

ನನಗೆ ಮಾತ್ರ ಆ ಚೇಷ್ಟೆಯಲ್ಲಿ ಪಾಲಿಲ್ಲ. ಅವನಿಗೆ ಮದ್ದು ಹಾಕಿದವರು ಯಾರೆಂದು ಅವನ ತಾಯಿ ಊರಿಗೆಲ್ಲ ಸಾರಿ ಹೋಗಿದ್ದಾಳೆ. ಹಾಕಿದವಳು ನಮ್ಮವ್ವ ಸಾವಕ್ಕನಂತೆ. ಊಟದಲ್ಲಿ ಕದ್ದು ಏನೋ ಬೆರೆಸಿ ಮನುಷ್ಯನನ್ನು ಒಳಗೊಳಗೇ ಒಣಗಿಸುವುದಕ್ಕೆ ನಮ್ಮ ಕಡೆ ಮದ್ದು ಎನ್ನುತ್ತಾರೆ. ಹಾಕಿದ್ದನ್ನು ಕಂಡವರಿಲ್ಲ, ನಂಬದವರೂ ಇಲ್ಲ.

ಕಥೆ ಹಳೆಯದು. ನಮ್ಮೆರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಬಾಳೇಶನ ತಾಯಿ ಮಲಕವ್ವ ನಮ್ಮವ್ವನಿಗೆ ನೆಗೆಣ್ಣಿ. ಅವಳ ಚೊಚ್ಚಲ ಮಗ ಒಂದು ದಿನ ನಮ್ಮ ಮನೆಯಲ್ಲಿ ಆಡುತ್ತ, ನಮ್ಮವ್ವನ ಕೈಯಿಂದ ಹಾಲು-ರೊಟ್ಟಿ ಉಂಡ. ಸಂಜೆಗೆ ವಾಂತಿ-ಭೇದಿ ಹತ್ತಿತು. ಅಥಣಿಯ ದವಾಖಾನೆ ಮುಟ್ಟುವ ಮೊದಲೇ ಕೂಸು ಹೋಯಿತು. ಆ ಬೇಸಿಗೆಯಲ್ಲಿ ಕೃಷ್ಣೆ ಗುಂಡಿಗುಂಡಿಯಾಗಿ ನಿಂತಿದ್ದಳು, ಅದೇ ನೀರು ಕುಡಿದು ಊರಲ್ಲಿ ಎಷ್ಟೋ ಜನ ಮಲಗಿದ್ದರು. ಆದರೆ ಮಗ ಸತ್ತ ತಾಯಿ ನೀರನ್ನು ಬೈದು ಏನು ಮಾಡಿಯಾಳು? ಬೈಯಲು ಒಬ್ಬ ಮನುಷ್ಯ ಬೇಕಾಗಿತ್ತು. ಗೋಡೆಯಾಚೆ ನಮ್ಮವ್ವ ಇದ್ದಳು.

ಆಮೇಲೆ ಹುಟ್ಟಿದವನು ಬಾಳೇಶ. ಐದು ವರ್ಷದವನಿದ್ದಾಗ ಕೈಕಾಲು ಸಣ್ಣಗಾಗಿ ಹೊಟ್ಟೆ ಮುಂದೆ ಬಂತು. ಹೊಟ್ಟೆಯಲ್ಲಿ ಹುಳ ಇದ್ದಿರಬೇಕು. ಮಲಕವ್ವ ಅವನನ್ನು ರಾಯಬಾಗದ ಕಡೆಯ ಒಬ್ಬ ಮದ್ದು ತೆಗೆಯುವವನ ಹತ್ತಿರ ಎಳೆದುಕೊಂಡು ಹೋದಳು. ಅವನು ಯಾವುದೋ ಸೊಪ್ಪಿನ ರಸ ಕುಡಿಸಿ, ಕರುಳು ಬಾಯಿಗೆ ಬರುವ ಹಾಗೆ ಹುಡುಗನನ್ನು ಕಾರಿಸಿ, ಅದರೊಳಗಿಂದ ಒಂದು ಕೂದಲಿನ ಗಂಟು ಎತ್ತಿ ತೋರಿಸಿದನಂತೆ. "ನೋಡವಾ, ಇದು ಮಗ್ಗಲ ಮನಿಯವರ ಕೆಲಸ." ಆ ಗಂಟು ಅವನ ಅಂಗಿಯ ತೋಳಿನಿಂದ ಬಿದ್ದಿತ್ತೆಂದು ನನಗೆ ಇವತ್ತಿಗೂ ಸಂಶಯ.

ಅಂದಿನಿಂದ ಆ ಹುಡುಗನಿಗೆ ಒಂದೇ ಪಾಠ. ಯಾರಾದರೂ ಪೇಡೆ ಕೊಟ್ಟರೆ ಮುಷ್ಟಿಯಲ್ಲಿ ಹಿಡಿದು ತಂದು ತಾಯಿಗೆ ಒಪ್ಪಿಸಬೇಕು. ಆಸೆಗೆ ಬಿದ್ದು ತಿಂದನೋ, ಮಲಕವ್ವ ಅವನ ಗಂಟಲಿಗೆ ಎರಡು ಬೆರಳು ಹಾಕಿ ಕಕ್ಕಿಸುತ್ತಿದ್ದಳು. ಗೋಡೆಯಾಚೆಯಿಂದ ಆ ಸದ್ದು ನಮಗೆ ಕೇಳುತ್ತಿತ್ತು. ಕಕ್ಕಿಸಿದ ಮೇಲೆ ಅವನನ್ನು ಅವಚಿಕೊಂಡು ಅಳುವ ಸದ್ದೂ ಕೇಳುತ್ತಿತ್ತು. ಅವಳಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಪ್ರೀತಿ ಇತ್ತು. ಆ ಪ್ರೀತಿಯೇ ಅವನನ್ನು ಕೆಡಿಸಿತು.

ಬೆಳೆದು ಕುರಿ ಹಿಡಿದ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲದವರು ಕುರುಬನಿಗೆ ಊಟ ಹಾಕುವುದು ನಮ್ಮಲ್ಲಿಯ ಪದ್ಧತಿ. ಇವನು ಒಲ್ಲೆ ಅನ್ನುತ್ತಿದ್ದ. "ನಮ್ಮ ಅನ್ನ ಬ್ಯಾಡಾದವನ ಕುರಿ ನಮಗ್ಯಾಕ?" ಎಂದು ಊರಿನವರು ಕರೆಯುವುದನ್ನೇ ಬಿಟ್ಟರು. ಪಾಪ, ಕಾಗವಾಡದ ಕಡೆ ಗುರುತಿಲ್ಲದವರ ಹೊಲ ಹುಡುಕಿಕೊಂಡು ಅಲೆಯಬೇಕಾಯಿತು.

ಬೋರಗಾಂವದ ಅನುಸೂಯಾ ಅವನಿಗೆ ಹೆಂಡತಿಯಾಗಿ ಬಂದಳು, ಮಗ್ಗದ ಕೆಲಸಗಾರನ ಮಗಳು. ಮೊದಲ ದಿನ ಗಂಡನಿಗೆ ತಾಟು ಇಟ್ಟಾಗ ಅತ್ತೆ ಮಲಕವ್ವ, "ಮೊದಲ ತುತ್ತ ನೀ ತಿನ್ನವಾ, ಆಮ್ಯಾಲ ಅಂವ ತಿಂತಾನ" ಎಂದಳು. ಇದು ಈ ಮನೆತನದ ಶಾಸ್ತ್ರ ಇರಬೇಕೆಂದು ಹುಡುಗಿ ನಾಚಿಕೊಂಡು ತಿಂದಳು. ಮಲಕವ್ವ ತೀರಿಕೊಂಡ ಮೇಲೂ ಆ ಶಾಸ್ತ್ರ ನಿಲ್ಲಲಿಲ್ಲ. ನೀರಿನ ನಳದ ಹತ್ತಿರ ಅನುಸೂಯಾ ಹೆಂಗಸರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು: "ನಮ್ಮ ಮನಿಯವರು ನಾ ಒಂದ ತುತ್ತ ತಿನ್ನೂತನಾ ತಾಟಿಗೆ ಕೈ ಹಚ್ಚಂಗಿಲ್ರಿ." ಕೇಳಿದ ನಮ್ಮವ್ವ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಬೇರೆಯವರ ಸಂಸಾರ, ನಮಗ್ಯಾಕೆ?

ಅವರ ಮಗಳು ಉಜ್ವಲಾ ಈಗ ಎರಡನೆಯ ಇಯತ್ತೆ. ದೀಪಾವಳಿ ಮುಗಿದ ಮೇಲೆ ಹುಡುಗಿ ಇಳಿಯುತ್ತ ಹೋದಳು. ಸಾಲಿಯ ಬಿಸಿಯೂಟ ಮುಟ್ಟುತ್ತಿರಲಿಲ್ಲ, ಅದು ಅಪ್ಪನ ಅಪ್ಪಣೆ. ಆಮೇಲೆ ಮನೆಯ ಊಟವನ್ನೂ ಬಿಟ್ಟಳು. ಬಾಳೇಶ ನಮ್ಮ ಗೋಡೆಯತ್ತ ನೋಡತೊಡಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಮ್ಮ ಬಾಳು. "ಅವ್ವಾ, ಆ ಹುಡುಗಿಗೆ ಒಂದ ಬಾರೀಹಣ್ಣ ಸೈತ ಕೊಡಬ್ಯಾಡ" ಎಂದು ನಾನು ಕಟ್ಟುನಿಟ್ಟು ಮಾಡಿದೆ. ಏನಾದರೂ ಆದರೆ ಹೆಣ ತಂದು ನಮ್ಮ ಬಾಗಿಲಿಗೆ ಇಟ್ಟಾರೆಂಬ ಹೆದರಿಕೆ ನನಗೆ.

ಒಂದು ದಿನ ಸಾಲಿಯಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಹುಡುಗಿ ಬಿದ್ದಳು. ಅನುಸೂಯಾ ಓಡಿ ಬಂದಳು. "ಭಾವಾರ, ಗಾಡಿ ತಗೀರಿ." ನಾನು ಟಂಟಂ ಹೊಡೆಯುವವನು, ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಬಾಳೇಶನೂ ಮಗಳನ್ನು ಎತ್ತಿಕೊಂಡು ಹತ್ತಿದ. ಅಥಣಿಯ ಒಂದು ದವಾಖಾನೆಯಲ್ಲಿ ಡಾಕ್ಟರಬಾಯಿ ರಕ್ತ ನೋಡಿದಳು, ಹೊಟ್ಟೆ ನೋಡಿದಳು. ರೋಗ ಏನೂ ಸಿಗಲಿಲ್ಲ. ಕಡೆಗೆ ಹುಡುಗಿಯನ್ನು ಮಗ್ಗುಲಿಗೆ ಕೂಡಿಸಿಕೊಂಡು ಕೇಳಿದಳು: "ಯಾಕ ಉಣ್ಣಂಗಿಲ್ಲ ಪುಟ್ಟಿ?"

ಉಜ್ವಲಾ ತಾಯಿಯ ಕಡೆ ನೋಡಿ ದನಿ ತಗ್ಗಿಸಿದಳು. ಆದರೂ ನಮಗೆಲ್ಲ ಕೇಳಿತು. "ಅವ್ವ ಅದರಾಗ ಮದ್ದ ಹಾಕ್ತಾಳ್ರಿ."

"ಯಾರ ಹೇಳ್ಯಾರ?"

"ಯಾರೂ ಹೇಳಿಲ್ರಿ. ಅಪ್ಪ ದಿನಾ ಅವ್ವಗ ಮೊದಲ ತಿನಸ್ತಾನ. ಅಕಿ ಸಾಯಲಿಲ್ಲಂದ್ರ ತಾ ತಿಂತಾನ."

ಅನುಸೂಯಾ ಗಂಡನ ಮುಖ ನೋಡಿದಳು. "ಖರೇನ ಇದು?" ಬಾಳೇಶ ನೆಲ ನೋಡಿದ. "ನಾ ಪ್ರೀತಿ ಅಂತ ತಿಳಿದಿದ್ನಿ," ಎಂದಳು ಅವಳು. ಕೂಗಲಿಲ್ಲ, ಅಳಲಿಲ್ಲ.

ಡಾಕ್ಟರಬಾಯಿ ಬಾಳೇಶನ ಬಾಯಿಂದ ಅವನ ಬಾಲ್ಯವನ್ನೆಲ್ಲ ಹೊರಡಿಸಿದಳು. ಆಮೇಲೆ ಹೇಳಿದಳು: "ಹುಡುಗಿಗೆ ಶಕ್ತಿಗೆ ಔಷಧ ಕೊಡ್ತೀನಿ. ಆದ್ರ ಹೆದರಿಕಿ ಇರೋದು ನಿಮ್ಮೊಳಗ. ಅದಕ್ಕ ಮನಸ್ಸಿನ ಡಾಕ್ಟರ್ ಅದಾರ, ಅವರ ಕಡೆ ಹೋಗ್ರಿ. ಅಲ್ಲೀತನಾ ಒಂದ ಮಾಡ್ರಿ. ಇಕಿ ನಿಮ್ಮ ಬಾಯಿ ನೋಡಿ ಕಲ್ತಾಳ, ನಿಮ್ಮ ಬಾಯಿ ನೋಡೇ ಮರೀಬೇಕು."

ನಾನು ಅವರನ್ನು ಕೂಡಿಸಿಕೊಂಡು ಊರಿಗೆ ಗಾಡಿ ತಿರುಗಿಸಿದೆ. ನಮ್ಮ ಮನೆಯ ಮುಂದೆ ಬಂದಾಗ ಬಾಳೇಶ, "ಇಲ್ಲೇ ನಿಲ್ಲಸ ಅಣ್ಣಾ" ಎಂದ. ಮಗಳ ಕೈ ಹಿಡಿದು, ಹುಟ್ಟಿದಾಗಿನಿಂದ ದಾಟದ ನಮ್ಮ ಹೊಸ್ತಿಲು ದಾಟಿದ. ಅನುಸೂಯಾ ಹಿಂದೆ ಬಂದಳು. ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು.

"ದೊಡವ್ವಾ, ಹಸಿವಾಗೈತಿ. ಒಂದ ರೊಟ್ಟಿ ಕೊಡ."

ಇದು ಯಾವ ಹೊಸ ಆಟವೋ ಎಂದು ನಾನೂ ಗಾಡಿ ಬಿಟ್ಟು ಒಳಗೆ ಬಂದೆ. ಅವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಾ ಕೊಡಂಗಿಲ್ಲಪಾ. ನಾಳೆ ಹೊಟ್ಟಿ ನೂಸಿದ್ರ ನಾ ಎಲ್ಲಿಗೆ ಹೋಗ್ಲಿ? ನಿಮ್ಮಣ್ಣಗ ನಾ ಕೊಟ್ಟಿದ್ದು ಬರೇ ಹಾಲ-ರೊಟ್ಟಿ. ಹಾಲ ಕೆಟ್ಟಿತ್ತೇನೋ, ನನ್ನ ಕೈ ಹೊಲಸ ಇತ್ತೇನೋ ಅಂತ ನಾ ಈಗೂ ಕೈ ಮೂಸಿ ನೋಡ್ಕೊಂತೀನಿ. ಹೋಗ್ರಿ, ನಿಮ್ಮ ಮನಿಗೆ ಹೋಗ್ರಿ."

ಅವ್ವ ಇಂಥದೊಂದು ಒಳಗಿಟ್ಟುಕೊಂಡಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಬಾಳೇಶ ಅವಳೆದುರು ಕುಕ್ಕರಗಾಲಲ್ಲಿ ಕೂತ. "ನಿನ್ನ ಕೈಲೇ ಕೊಡ ದೊಡವ್ವಾ. ಈ ಕೂಸಿನ ಸಲುವಾಗಿ."

ಅವ್ವ ಎದ್ದು ಬುಟ್ಟಿಯಿಂದ ರೊಟ್ಟಿ ತಂದಳು. ತುಂಡು ಮುರಿದು, ರೂಢಿ ಬಲ್ಲವಳಂತೆ, ಮೊದಲು ತನ್ನ ಬಾಯಿಗೇ ಒಯ್ದಳು. ಬಾಳೇಶ ಅವಳ ಮುಂಗೈ ಹಿಡಿದ. "ನೀ ತಿನ್ನಬ್ಯಾಡ. ನನಗ ಕೊಡ."

ಅವನು ಜಗಿದ. ಹಣೆಯಲ್ಲಿ ಬೆವರು ಒಡೆಯಿತು. ಹುಡುಗಿ ಅವನ ಗಂಟಲನ್ನೇ ನೋಡುತ್ತಿದ್ದಳು. ನುಂಗಿದ. ಇನ್ನೊಂದು ತುಂಡು ನುಂಗಿದ. ನಂತರ ಎದ್ದು ಹಿತ್ತಿಲಿಗೆ ನಡೆದ.

ಎರಡು ಬೆರಳು ಹಾಕಿ ಕಕ್ಕಲು ಹೋದನೆಂದೇ ನಾನು ಅವನ ಬೆನ್ನು ಹತ್ತಿದೆ. ಹಾಗೆ ಮಾಡಿದ್ದರೆ ಅವತ್ತು ಅವನನ್ನು ಹೊಡೆದೇ ಬಿಡುತ್ತಿದ್ದೆ. ಅವನು ಗೋಡೆಗೆ ಹಣೆ ಹಚ್ಚಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದ. "ನೀ ಒಳಗ ಹೋಗ ಅಣ್ಣಾ," ಎಂದ. "ಹೊರಗ ಬರಾಕತ್ತೈತಿ, ನಾ ಬಿಡಂಗಿಲ್ಲ."

ಒಳಗೆ ಉಜ್ವಲಾ, "ಆಯಿ, ನನಗ?" ಎಂದು ಕೈ ಚಾಚಿದ್ದಳು. ಅವ್ವ ಅನುಸೂಯಾಳ ಮುಖ ನೋಡಿದಳು. ಅನುಸೂಯಾ ಹೂಂ ಎಂದು ತಲೆಯಾಡಿಸಿದಳು. ಹುಡುಗಿ ಅರ್ಧ ರೊಟ್ಟಿ ತಿಂದಳು.

ಮರುದಿನ ಬೆಳಗಾಗುತ್ತಲೇ ಅವ್ವ ಬಾಗಿಲಲ್ಲಿ ನಿಂತಿದ್ದಳು. ಚಹಾ ಆರಿಹೋದರೂ ಕುಡಿಯಲಿಲ್ಲ, ಕಣ್ಣೆಲ್ಲ ಮಗ್ಗುಲ ಮನೆಯ ಮೇಲೆ. ನಾನೂ ಗಾಡಿ ಒರೆಸುವ ನೆವ ಮಾಡಿಕೊಂಡು ಅತ್ತಲೇ ನೋಡುತ್ತಿದ್ದೆ. ಹೊತ್ತು ಏರಿದ ಮೇಲೆ ಉಜ್ವಲಾ ಪಾಟಿಚೀಲ ಹಾಕಿಕೊಂಡು ಹೊರಬಂದಳು.

"ಹೊಟ್ಟಿ ನೋಯಾಕತ್ತಿಲ್ಲಲಾ, ಕೂಸಾ?" ಎಂದು ಅವ್ವ ಕೇಳಿದಳು.

"ಇಲ್ಲಾಯಿ. ಹಸಿವಾಗೈತಿ."

ಅವ್ವ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೇ ಒಳಗೆ ಹೋಗಿ ರೊಟ್ಟಿಯಲ್ಲಿ ಬೆಲ್ಲ ಸುತ್ತಿ ತಂದು ಹುಡುಗಿಯ ಕೈಗೆ ಕೊಟ್ಟೆ. ಅವಳು ಯಾರ ಮುಖವನ್ನೂ ನೋಡದೆ ಕಚ್ಚಿದಳು.