ಗುರುವಾರದ ಪಾಳಿ

ಹೊನ್ನಾವರದ ಒಂದು ಸಣ್ಣ ಡಯಾಲಿಸಿಸ್ ಕೇಂದ್ರಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟವಳು ನಾನು. ಕುಮಟೆಯಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಒಬ್ಬಳೇ ಕೆಲಸ ಮಾಡುತ್ತೇನೆ. ಬರೆಯುವ ಮೊದಲು ಅಲ್ಲಿ ಏನೇನು ನಡೆಯುತ್ತದೆಂದು ಕಣ್ಣಾರೆ ನೋಡಬೇಕು ಅನ್ನಿಸಿ ಎರಡು ವಾರ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಭಟ್ಕಳದ ಹತ್ತಿರದ ಮುಟ್ಟಳ್ಳಿಯ ಗಂಡ ಹೆಂಡತಿ ಪರಿಚಯವಾದದ್ದು ಆಗಲೇ.

ಹೆಂಡತಿಗೆ ಸೋಮವಾರ ಮತ್ತು ಗುರುವಾರ ಬೆಳಗಿನ ಪಾಳಿ. ಭಟ್ಕಳದಿಂದ ಮೊದಲ ಬಸ್ಸಿಗೇ ಬಂದುಬಿಡುತ್ತಿದ್ದರು. ಗಂಡ ಗದ್ದೆ ಮಾಡಿಕೊಂಡು, ಉಳಿದ ದಿನ ಬೇರೆಯವರ ಮನೆಗೆ ತೆಂಗಿನಕಾಯಿ ಸುಲಿಯಲು ಹೋಗುತ್ತಿದ್ದವರು. ಆಕೆ ಒಳಗೆ ಮಲಗಿರುವ ನಾಲ್ಕು ತಾಸು ಅವರು ಬೆಂಚು ಬಿಟ್ಟು ಕದಲುತ್ತಿರಲಿಲ್ಲ. ಆಕೆ ನನ್ನನ್ನು 'ಕಂಪ್ಯೂಟರ್ ತಂಗಿ' ಎಂದು ಕರೆಯುತ್ತಿದ್ದರು. ಒಂದು ದಿನ, ನಾನು ಪಾಳಿಯ ಪಟ್ಟಿ ಬರೆದುಕೊಳ್ಳುವಾಗ, ಕೇಳದೆಯೇ ಹೇಳಿದರು: "ಈ ಜಾಗ ನಂಗೆ ಸಿಕ್ಕಿದ್ದು ಯಾರೋ ಒಬ್ರು ತೀರಿಹೋದ ಮೇಲೆ. ಯಾರು ಅಂತ ಗೊತ್ತಿಲ್ಲ. ಇಲ್ಲಿ ಮಲಗೂವಾಗ ದಿನಾ ಅವ್ರ ನೆನಪಾತದೆ."

ಅಲ್ಲಿದ್ದದ್ದು ಐದೇ ಯಂತ್ರ. ಜಾಗಕ್ಕಾಗಿ ಕಾಯುವವರ ಪಟ್ಟಿ ಯಾವಾಗಲೂ ಉದ್ದ. ಒಂದು ಜಾಗ ಖಾಲಿಯಾದರೆ ಪಟ್ಟಿಯ ಮೊದಲಿನವರಿಗೆ ಫೋನ್ ಮಾಡುವ ಕೆಲಸ ಸಿಸ್ಟರ್ ಮೇಲೆ ಬೀಳುತ್ತಿತ್ತು. ಅವರೋ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಫೋನು. ಆ ಭಾರ ಇಳಿಸಬೇಕೆಂದು ನಾನು ಅದನ್ನೆಲ್ಲ ತಾನಾಗಿಯೇ ಆಗುವಂತೆ ಬರೆದೆ. ನಮ್ಮ ಕೆಲಸದಲ್ಲಿ ಇದಕ್ಕೆ ಸಿಗ್ನಲ್ ಎನ್ನುತ್ತೇವೆ. ಒಬ್ಬರ ದಾಖಲೆ ಹೊಸದಾಗಿ ಸೇರಿದರೆ, ಅಥವಾ ಇದ್ದದ್ದನ್ನು ತಿದ್ದಿ ಸೇವ್ ಮಾಡಿದರೆ, ಅದರ ಹಿಂದೆಯೇ ಇನ್ನೊಂದು ಕೆಲಸ ನಡೆಯುತ್ತದೆ. ತೀರಿಕೊಂಡರೆಂದು ಬರೆದು ಸೇವ್ ಮಾಡಿದರೆ ಅವರ ಜಾಗ ಬಿಡುಗಡೆಯಾಗಿ ಮುಂದಿನವರಿಗೆ ಮೆಸೇಜು ಹೋಗಬೇಕು. ಬೇರೆ ಏನೇ ತಿದ್ದಿದರೂ, ಜಾಗ ಇರುವವರಿಗೆ ಅವರ ಮುಂದಿನ ಪಾಳಿಯ ಮೆಸೇಜು ಹೋಗಬೇಕು. ನಾಲ್ಕಾರು ಸಲ ಪರೀಕ್ಷಿಸಿ ನೋಡಿದೆ. ಸರಿಯಾಗಿತ್ತು. ಸಿಸ್ಟರ್ ಕೂಡ, "ಇನ್ನು ಫೋನಿನ ಗಲಾಟೆ ಇಲ್ಲ ಮೇಡಂ, ಆರಾಮಾತು" ಎಂದು ನಕ್ಕಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಮುಟ್ಟಳ್ಳಿಯ ಆಕೆ ತೀರಿಕೊಂಡರು. ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದು ಗುರುವಾರ ಬೆಳಿಗ್ಗೆ, ಸಿಸ್ಟರ್ ಫೋನ್ ಮಾಡಿದಾಗ.

"ಮೇಡಂ, ಸ್ವಲ್ಪ ಬರೂಕೆ ಆತದಾ? ಮುಟ್ಟಳ್ಳಿಯವ್ರು ಬಂದು ಬೆಂಚಿನ ಮೇಲೆ ಕೂತಿದ್ದಾರೆ. ಹೆಂಡ್ತಿಗೆ ಪಾಳಿ ಅಂತ ಮೆಸೇಜ್ ಬಂದಿದ್ಯಂತೆ. ಆಕೆ ಹೋಗಿ ಮೂರು ವಾರ ಆತು."

ನಾನು ಹೊನ್ನಾವರ ಮುಟ್ಟುವಾಗ ಹತ್ತು ಗಂಟೆ ದಾಟಿತ್ತು. ಅವರು ಯಾವತ್ತಿನ ಜಾಗದಲ್ಲೇ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಹೆಂಡತಿಯ ಮೊಬೈಲು. ಅದನ್ನು ನನ್ನ ಮುಂದೆ ಹಿಡಿದರು. ಆಕೆಯ ಹೆಸರಿನ ಕೆಳಗೆ, 'ನಿಮ್ಮ ಮುಂದಿನ ಪಾಳಿ ಗುರುವಾರ ಬೆಳಿಗ್ಗೆ 7. ದಯವಿಟ್ಟು ತಪ್ಪಿಸಬೇಡಿ' ಎಂದಿತ್ತು. ಆ ಕೊನೆಯ ಸಾಲೂ ನಾನೇ ಬರೆದದ್ದು.

ಪಕ್ಕದಲ್ಲಿ ಕೂತೆ. ಅವರೇ ಮಾತು ತೆಗೆದರು.

"ನಂಗೆ ತಲೆ ಕೆಟ್ಟದೆ ಅಂತ ತಿಳ್ಕಣಬೇಡ ತಂಗಿ. ಅವ್ಳು ಇಲ್ಲ ಅಂತ ಗೊತ್ತದೆ. ಬೆಂಕಿ ಕೊಟ್ಟವ ನಾನೇ ಅಲ್ದಾ."

"ಮತ್ತೆ ಇಷ್ಟು ದೂರ ಯಾಕೆ ಬಂದ್ರಿ?"

"ಅವ್ಳ ಹೆಸರಲ್ಲಿ ಇನ್ನೂ ಪಾಳಿ ಅದೆ ಅಂದ್ರೆ ಎಂತ? ಜಾಗ ಬೇರೆಯವ್ರಿಗೆ ಕೊಡ್ಲಿಲ್ಲ ಅಂತ. ಯಾರೋ ಅಲ್ಲಿ ಕಾಯ್ತಾ ಇದ್ರೆ? ಫೋನಲ್ಲಿ ಹೇಳಿದ್ರೆ ಯಾರು ಕೇಳ್ತ್ರು? ಅದ್ಕೇ ಬಂದೆ."

ಆಮೇಲೆ ಮೊಬೈಲನ್ನು ಕಿಸೆಗೆ ಹಾಕಿಕೊಳ್ಳುತ್ತ ನನ್ನ ಕಡೆ ನೋಡದೆ ಹೇಳಿದರು: "ಆದ್ರೆ ಬೆಳಿಗ್ಗೆ ಮೆಸೇಜು ಕಂಡ ಕೂಡ್ಲೆ ಎದ್ದು ಅವ್ಳಿಗೆ ಗಂಜಿಗೆ ನೀರು ಇಟ್ಟೆ. ನೀರು ಕುದಿಯೂ ಹೊತ್ತಿಗೆ ನೆನಪಾತು."

ನಾನು ಒಳಗೆ ಹೋಗಿ ಸಿಸ್ಟರ್ ಕಂಪ್ಯೂಟರಿನ ಮುಂದೆ ಕೂತೆ. ನಡೆದದ್ದು ತಿಳಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಆಕೆ ತೀರಿಕೊಂಡ ವಾರವೇ ಇನ್ನೊಬ್ಬರೂ ತೀರಿಕೊಂಡಿದ್ದರು. ಸಿಸ್ಟರ್ ಒಂದೊಂದೇ ದಾಖಲೆ ತೆರೆಯದೆ, ಪಟ್ಟಿಯಲ್ಲಿ ಇಬ್ಬರ ಹೆಸರಿಗೂ ಟಿಕ್ ಹಾಕಿ ಒಮ್ಮೆಲೇ 'ಮೃತ' ಎಂದು ಬದಲಾಯಿಸಿದ್ದರು. ಆ ಸೌಲಭ್ಯವನ್ನೂ ಅವರ ಅನುಕೂಲಕ್ಕೆಂದು ಕೊಟ್ಟವಳು ನಾನೇ. ಆದರೆ ಹಾಗೆ ಹಲವನ್ನು ಒಟ್ಟಿಗೆ ಬದಲಾಯಿಸಿದಾಗ ಬದಲಾವಣೆ ನೇರವಾಗಿ ಡೇಟಾಬೇಸಿಗೆ ಹೋಗುತ್ತದೆ, ಸಿಗ್ನಲ್ ಹೊರಡುವುದೇ ಇಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಪ್ರೋಗ್ರಾಂ ಬರೆಯುವ ದಿನ ನೆನಪಿಗೆ ಬಂದಿರಲಿಲ್ಲ. ಎರಡೂ ಜಾಗ ಬಿಡುಗಡೆಯಾಗಲಿಲ್ಲ, ಮುಂದಿನವರಿಗೆ ಮೆಸೇಜು ಹೋಗಲಿಲ್ಲ. ಕರೆದವರು ಬರಲಿಲ್ಲವೇನೋ ಎಂದುಕೊಂಡು ಸಿಸ್ಟರ್ ಆ ಹಾಸಿಗೆಗಳಿಗೆ ತುರ್ತಾಗಿ ಬಂದವರನ್ನು ಹಾಕಿಕೊಳ್ಳುತ್ತಿದ್ದರು. ಹಿಂದಿನ ದಿನ, ಬುಧವಾರ ಸಂಜೆ, ಗಂಡನಿಗೆ ಯಾವುದೋ ಪತ್ರ ಬೇಕೆಂದು ಆಕೆಯ ಹೆಸರಿನ ಒಂದು ಅಕ್ಷರ ತಿದ್ದಿ ಸೇವ್ ಮಾಡಿದ್ದರು. ತಿದ್ದಿದ್ದು ಹೆಸರನ್ನು ಮಾತ್ರ, ಜಾಗ ಇನ್ನೂ ಆಕೆಯದೇ. ಮೆಸೇಜು ಹೋಗಿತ್ತು.

ಎರಡೂ ಜಾಗ ಬಿಡುಗಡೆ ಮಾಡಿ, ಹೊರಗೆ ಬಂದು ಅವರಿಗೆ, "ತಪ್ಪು ನನ್ನದು, ಸಿಸ್ಟರದ್ದಲ್ಲ" ಎಂದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. "ಈಗ ಸರಿ ಆತಾ?" ಎಂದಷ್ಟೇ ಕೇಳಿದರು. ಆತು ಎಂದೆ. "ಹಂಗಾರೆ ನಾ ಹೋತೆ. ಹನ್ನೊಂದೂವರೆಗೆ ಬಸ್ಸದೆ" ಎಂದು ಎದ್ದರು. ಗೇಟಿನವರೆಗೆ ಹೋದೆ. ಆಕೆ ನಿಧಾನ ನಡೆಯುತ್ತಿದ್ದರೆಂದೋ ಏನೋ, ಅವರಿಗೂ ಹಾಗೇ ನಡೆದು ರೂಢಿಯಾಗಿಬಿಟ್ಟಿತ್ತು. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತ ಹೋದರು.

ಕಾಯುವ ಪಟ್ಟಿಯಲ್ಲಿ ಮೊದಲಿದ್ದವರು ಗೇರುಸೊಪ್ಪ ಕಡೆಯ ಒಬ್ಬ ಹೆಂಗಸು, ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಎರಡನೆಯವರಿಗೆ ಸಿಸ್ಟರ್ ಫೋನ್ ಮಾಡಿದರು; ಮೆಸೇಜನ್ನು ನಂಬದೆ ಈ ಹೆಂಗಸಿಗೆ ನಾನೇ ಮಾಡಿದೆ.

"ಜಾಗ ಆತಾ? ಹೌದಾ?" ಎಂದರು. "ನಾನು ಮೂರು ತಿಂಗಳಿಂದ ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಹೋಗೂದು. ಒಂದ್ಸಲ ಹೋದ್ರೆ ಎರಡು ದಿನ ಶಾಲೆ ತಪ್ತದೆ. ಮಕ್ಳಿಗೆ ಅನ್ನ ಹಾಕೂರು ಯಾರು? ಹೋದ ಶನಿವಾರ ಕೆಲ್ಸ ಬಿಟ್ಟೆ. ಬೇರೆಯವ್ರನ್ನ ತಕಂಡ್ರು."

ಹೋದ ಶನಿವಾರ. ಅದಕ್ಕೂ ಎರಡು ವಾರ ಮೊದಲೇ ಅವರಿಗೆ ಕರೆ ಹೋಗಬೇಕಿತ್ತು. ಅದನ್ನು ಹೇಳಲು ಬಾಯಿ ತೆರೆದೆ. ನನ್ನಿಂದ ಬಂದದ್ದು, "ಸೋಮವಾರ ಏಳು ಗಂಟೆಗೆ ಬನ್ನಿ" ಎಂಬ ಮಾತು ಮಾತ್ರ.

ಮನೆಗೆ ಬಂದು ಪ್ರೋಗ್ರಾಂ ತಿದ್ದಿದೆ. ಒಟ್ಟಿಗೆ ಬದಲಾಯಿಸುವ ಸೌಲಭ್ಯ ತೆಗೆದುಹಾಕಿದೆ. ಈಗ ಒಬ್ಬರು ತೀರಿಕೊಂಡರೆ ಸಿಸ್ಟರ್ ಅವರ ದಾಖಲೆಯೊಂದನ್ನೇ ತೆರೆದು, ಹೆಸರು ಓದಿ, ಬರೆಯಬೇಕು. ಅವರು ಗೊಣಗಲಿಲ್ಲ.

ಸೋಮವಾರ ನಾನೂ ಹೋಗಿದ್ದೆ. ಗೇರುಸೊಪ್ಪದ ಹೆಂಗಸು ಮಲಗಿದಲ್ಲಿಂದಲೇ ಕೈಸನ್ನೆ ಮಾಡಿ ಕರೆದರು. "ಫೋನ್ ಮಾಡಿದ್ದು ನೀವೇ ಅಲ್ದಾ? ದೊಡ್ಡ ಉಪಕಾರ ಆತು" ಎಂದರು. ಶಾಲೆಯವರನ್ನು ಮತ್ತೊಮ್ಮೆ ಕೇಳಿ ನೋಡಬಹುದಲ್ಲ ಎಂದೆ. "ಕೇಳ್ದೆ. ಆಗೂದಿಲ್ಲ ಅಂದ್ರು" ಎಂದು ಛಾವಣಿ ನೋಡುತ್ತ ಮಲಗಿದರು. ಆ ಹೊತ್ತಿನಲ್ಲೂ ನಿಜ ಹೇಳಲಿಲ್ಲ. ಆಮೇಲೆ ಎಷ್ಟೋ ಸೋಮವಾರ ಅವರನ್ನು ಕಂಡಿದ್ದೇನೆ, ಮಾತಾಡಿದ್ದೇನೆ, ಅವರು ಕೊಟ್ಟ ಹಪ್ಪಳ ಮನೆಗೆ ತಂದಿದ್ದೇನೆ. ಇವತ್ತಿಗೂ ಹೇಳಿಲ್ಲ.