ಗುಂಡಿಗೆ ಹೊಡೆಸಿದ ಸುಣ್ಣ

ಸವಣೂರಿನಲ್ಲಿ ಅಕ್ಕನ ಮನೆ ಇರುವುದು ಎರೆ ಮಣ್ಣಿನ ಮೇಲೆ. ಆ ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಿತ್ತಲಿನ ಬಚ್ಚಲುಮನೆಯೂ ಅದರ ಜತೆಗೇ ಏಳುತ್ತಿತ್ತು, ಇಳಿಯುತ್ತಿತ್ತು. ಮಳೆಗಾಲ ಬಂತೆಂದರೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಳ್ಳುತ್ತಿತ್ತು. ಭಾವ ಹೆಗಲು ಕೊಟ್ಟು ಗುದ್ದಿದರೆ ಮಾತ್ರ ತೆರೆಯುತ್ತಿತ್ತು. ಹೋದ ಶ್ರಾವಣದಲ್ಲಿ ಭಾವ ಸಂತೆಗೆ ಹೋದಾಗ ಅಕ್ಕ ಒಳಗೇ ಸಿಕ್ಕಿಬಿದ್ದಳು. ಅವರು ಬರುವತನಕ ಕಿಂಡಿಯಿಂದಲೇ ಪಕ್ಕದ ಮನೆಯವರಿಗೆ ಒಲೆಯ ಮೇಲಿನ ಬೇಳೆಯ ಉಸ್ತುವಾರಿ ವಹಿಸಿದಳು.

"ಬಾಗಲಾ ಸಲೀಸ ತಗಿಬೇಕು. ಇಲ್ಲಾಂದ್ರ ದಿನಾ ತವರಮನಿಗೆ ಹೋಗಿ ಜಳಕ ಮಾಡ್ತೇನಿ," ಎಂದಳು ಹೊರಗೆ ಬಂದ ಅಕ್ಕ.

ತವರುಮನೆ ಎಂದರೆ ಹಾನಗಲ್ಲಿನ ನಮ್ಮ ಮನೆ. ನಾನು ತಡಮಾಡದೆ ಪರಿಚಯದ ಎಂಜಿನಿಯರರಿಗೆ ಫೋನ್ ಹಚ್ಚಿ ಭಾವನ ಕೈಗೆ ಕೊಟ್ಟೆ.

"ಹಳೇದು ಕೆಡವ್ರಿ, ಗುಂಡಿ ತಗಸ್ರಿ. ತಳದ ಮಣ್ಣಿಗೆ ಸುಣ್ಣ ಹೊಡಸ್ರಿ, ಮ್ಯಾಲ ಗರಸು ಹೊಡಸ್ರಿ," ಎಂದರು ಅವರು.

ನಮ್ಮ ಕಡೆ ಈ 'ಹೊಡೆಸು' ಎರಡು ಕೆಲಸ ಮಾಡುತ್ತದೆ. ಗರಸು ಹೊಡೆಸುವುದೆಂದರೆ ಗಟ್ಟಿ ಕೆಂಪು ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತಂದು ಸುರಿಸುವುದು. ಸುಣ್ಣ ಹೊಡೆಸುವುದೆಂದರೆ ಗೋಡೆ ಬೆಳ್ಳಗೆ ಮಾಡಿಸುವುದು. ಮುಂದಿನ ವಾರ ಎಂಜಿನಿಯರರ ಜತೆ ಹೋದಾಗ ಗುಂಡಿ ದೀಪಾವಳಿಗೆ ಸಿದ್ಧವಾದಂತಿತ್ತು. ನಾಲ್ಕೂ ಬದಿ, ತಳ, ಎಲ್ಲ ಬೆಳ್ಳಗೆ. ಅಂಚಿಗೆ ಕೆಂಪು ಪಟ್ಟಿ ಬೇರೆ.

"ಎರಡು ಕೈ ಹೊಡಸೇನಿ. ನೀಲಿನೂ ಹಾಕಸೇನಿ," ಎಂದರು ಭಾವ.

ಎಂಜಿನಿಯರ್ ಗುಂಡಿಯೊಳಗೆ ಬಗ್ಗಿ ನೋಡಿದರು. "ಪಟ್ಟಿ ಯಾಕ್ರಿ?"

"ಚಂದ ಕಾಣ್ಲಿ ಅಂತ."

"ಯಾರಿಗ್ರಿ? ಎರಿಹುಳಕ್ಕ?"

ಸುಣ್ಣದ ಪುಡಿಯನ್ನು ಮಣ್ಣಿನಲ್ಲೇ ಬೆರೆಸಬೇಕಿತ್ತು, ಆಗ ಅದರ ಉಬ್ಬರ ಇಳಿಯುತ್ತದೆ ಎಂದು ವಿವರಿಸಿದರು. ಸವಣೂರು ವೀಳ್ಯದೆಲೆಯ ಊರು; ಅಕ್ಕನಿಗೆ ತಕ್ಷಣ ಅರ್ಥವಾಯಿತು.

"ಎಲಿಗೆ ಸುಣ್ಣ ಹಚ್ಚಿ ನೋಡ್ಕೋತ ಕುಂತ್ರ ಬಾಯಿ ಕೆಂಪ ಆಗತೈತೇನ್ರಿ? ಅಗೀಬೇಕು!"

"ಹೌದ್ರಿ ಅಕ್ಕಾರ, ಇಲ್ಲೂ ಅಗಿಯೂದ ಐತಿ," ಎಂದು ಎಂಜಿನಿಯರ್ ಗುದ್ದಲಿ ತೋರಿಸಿದರು.

ಪಟ್ಟಿ ಸಮೇತ ಎಲ್ಲವನ್ನೂ ಅಗೆದು, ಸುಣ್ಣದ ಪುಡಿ ಕಲಸಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿದರು. ಮೇಲೆ ಗರಸು ಬಂತು, ಆಮೇಲೆ ಹೊಸ ಬಚ್ಚಲುಮನೆ.

ಈ ಸಲದ ಮಳೆ ನಾಲ್ಕು ದಿನ ಬಿಡದೆ ಸುರಿದಾಗ ನಾನು ಅಲ್ಲೇ ಇದ್ದೆ. ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದವರು ಹಳೆಯ ರೂಢಿಯಂತೆ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಗುದ್ದಿದರು. ಬಾಗಿಲೋ, ಈಗ ಬೆರಳು ತಾಗಿದರೆ ಸಾಕು, ತೆರೆದುಕೊಳ್ಳುವಂತಿತ್ತು. ನಾವು ಓಡಿ ಹೋಗಿ ನೋಡಿದಾಗ ಅವರು ಒಳಗೆ ಹಂಡೆಯನ್ನು ತಬ್ಬಿಕೊಂಡು ಕುಳಿತಿದ್ದರು.

ಅಕ್ಕ ಬಾಗಿಲನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿದಳು.

"ನೆಲ ಸುಧಾರಿಸ್ತು. ಇನ್ನ ನಿಮಗ ಸುಣ್ಣ ಹೊಡಸಬೇಕು."